ಹಿಂಚಕ್ರ ಚಾಲನೆಯ ಪುಟ್ಟ ಕೂಪೆಗೆ ಹೊಸ ಅಲಾಯ್ ಮತ್ತು ಟೈರ್: ಅಗಲ ಎಷ್ಟು, ಆಫ್‌ಸೆಟ್ ಎಷ್ಟು?

ಕೆಂಪುಕೂಪೆ

ಎಲ್ಲರಿಗೂ ನಮಸ್ಕಾರ. ನನ್ನದು ಮೊದಲ ಪೀಳಿಗೆಯ ಟೊಯೋಟಾ 86. ಸುಬಾರು ಬಿಆರ್‌ಝಡ್ ಇದರ ಅವಳಿ ಕಾರಾದ್ದರಿಂದ ಅದನ್ನು ಓಡಿಸುವವರ ಸಲಹೆಯೂ ನನಗೆ ಅಷ್ಟೇ ಉಪಯುಕ್ತ. ಕಾರಿನೊಂದಿಗೆ ಬಂದ 17 ಇಂಚಿನ ಅಲಾಯ್‌ಗಳ (ಮಿಶ್ರಲೋಹದ ಚಕ್ರಗಳ) ಅಗಲ 7 ಇಂಚು, ಆಫ್‌ಸೆಟ್ +48 ಮಿ.ಮೀ., ಟೈರ್ ಅಳತೆ 215/45 ಆರ್17, ಅಂದರೆ ಅಗಲ 215 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 45, ರಿಮ್ 17 ಇಂಚು. ಟೈರ್‌ಗಳು ಸವೆದಿರುವುದರಿಂದ ಹೇಗೂ ಬದಲಿಸಬೇಕು. ಜೊತೆಗೇ ಅಲಾಯ್‌ಗಳನ್ನೂ ಬದಲಿಸುವ ಆಲೋಚನೆಯಿದೆ.

ಕಾರನ್ನು ನಿತ್ಯ ಓಡಿಸುತ್ತೇನೆ, ಆಗಾಗ ಟ್ರ್ಯಾಕ್‌ಗೂ ಒಯ್ಯುತ್ತೇನೆ. ಸಸ್ಪೆನ್ಷನ್ ಇನ್ನೂ ಕಂಪನಿಯದೇ ಆಗಿದ್ದು, ತಗ್ಗಿಸುವ ಉದ್ದೇಶ ಸದ್ಯಕ್ಕೆ ಇಲ್ಲ. ಒಬ್ಬ ಮಾರಾಟಗಾರರು 18 ಇಂಚಿನ, 9.5 ಇಂಚು ಅಗಲದ, +38 ಆಫ್‌ಸೆಟ್‌ನ ಅಲಾಯ್‌ಗೆ 265/35 ಆರ್18 ಟೈರ್ ಹಾಕಿದರೆ ಕಾರಿಗೆ ನಿಜವಾದ ಕಳೆ ಬರುತ್ತದೆ ಎನ್ನುತ್ತಾರೆ. ಇನ್ನೊಬ್ಬರು 17×8, +45 ಸಾಕು, 225/45 ಆರ್17 ಟೈರ್ ಹಾಕಿ ಎನ್ನುತ್ತಾರೆ. ಎರಡೂ "ಸರಿಯಾಗಿ ಕೂರುತ್ತವೆ" ಎಂಬುದು ಇಬ್ಬರ ಭರವಸೆ. ಹೀಗೆ ಕೂರುವುದು ಎಂದರೆ ನಿಖರವಾಗಿ ಏನು, ಅದನ್ನು ಕೊಳ್ಳುವ ಮೊದಲೇ ಹೇಗೆ ಲೆಕ್ಕ ಹಾಕುವುದು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಅಳತೆಗೋಲು

ಕೆಂಪುಕೂಪೆಯವರೇ, ಕೊಳ್ಳುವ ಮೊದಲೇ ಲೆಕ್ಕ ಕೇಳಿದ್ದು ಒಳ್ಳೆಯದಾಯಿತು. ಸಾಮಾನ್ಯವಾಗಿ ಈ ಪ್ರಶ್ನೆ ಬರುವುದು ಫೆಂಡರ್‌ನ (ಚಕ್ರದ ಮೇಲಿನ ಮೈಹೊದಿಕೆಯ) ಒಳಗೆ ಟೈರ್ ಉಜ್ಜುವ ಸದ್ದು ಕೇಳಿದ ಮೇಲೆ.

ಮೊದಲು ರಾಜಿಗೆ ಅವಕಾಶವೇ ಇಲ್ಲದ ಮೂರು ಸಂಗತಿಗಳನ್ನು ಮುಗಿಸಿಬಿಡುತ್ತೇನೆ. ನಿಮ್ಮ ಕಾರಿನ ಪಿಸಿಡಿ 5×100, ಅಂದರೆ 100 ಮಿ.ಮೀ. ವ್ಯಾಸದ ವೃತ್ತದ ಮೇಲೆ ಚಕ್ರವನ್ನು ಹಿಡಿದಿಡುವ ಐದು ಸ್ಟಡ್‌ಗಳು. ಹೆಚ್ಚಿನ ಜಪಾನೀ ಸ್ಪೋರ್ಟ್ಸ್ ಕಾರುಗಳ 5×114.3 ಅಲಾಯ್‌ಗಳು ಇದಕ್ಕೆ ಕೂರುವುದಿಲ್ಲ; ಹಾಗಾಗಿ ಸ್ನೇಹಿತರ ಕಾರಿನಲ್ಲಿ ಕಂಡ ಮಾದರಿ ನಿಮಗೆ ದೊರೆಯುತ್ತದೆಂದು ಭಾವಿಸಬೇಡಿ. ಎರಡನೆಯದು ಹಬ್ ಬೋರ್, ಅಂದರೆ ಚಕ್ರ ಕೂರುವ ಹಬ್‌ಗೆ ಹೊಂದುವ ನಡುರಂಧ್ರದ ವ್ಯಾಸ, 56.1 ಮಿ.ಮೀ. ಮೂರನೆಯದು ಸ್ಟಡ್‌ನ ಮರೆ (ಥ್ರೆಡ್), ಎಂ12×1.25, ಅಂದರೆ 12 ಮಿ.ಮೀ. ವ್ಯಾಸ, ಸುತ್ತಿನಿಂದ ಸುತ್ತಿಗೆ 1.25 ಮಿ.ಮೀ. ಟೊಯೋಟಾ ಎಂಬ ಹೆಸರು ನೋಡಿ ಅಂಗಡಿಯವರು ಆ ಕಂಪನಿಯ ಬೇರೆ ಕಾರುಗಳಲ್ಲಿ ಬರುವ ಎಂ12×1.5 ನಟ್ ಕೊಟ್ಟುಬಿಡುವುದುಂಟು. ಈ ಕಾರನ್ನು ತಯಾರಿಸಿದ್ದು ಸುಬಾರು, ಮರೆಯೂ ಸುಬಾರುವಿನದೇ. ತಪ್ಪು ನಟ್ ಒಂದೆರಡು ಸುತ್ತು ಬಿಗಿಯಾಗಿ ಏರಿ, ಏರ್ ಗನ್ನಿನ ಬಲಕ್ಕೆ ಸ್ಟಡ್‌ನ ಮರೆಯನ್ನೇ ಕಿತ್ತುಹಾಕುತ್ತದೆ.

ಇನ್ನು ಅಗಲ ಮತ್ತು ಆಫ್‌ಸೆಟ್. ಅಲಾಯ್ ಹಬ್‌ಗೆ ಒತ್ತಿ ನಿಲ್ಲುವ ಮುಖಕ್ಕೂ ರಿಮ್‌ನ ಅಗಲದ ನಡುಗೆರೆಗೂ ಇರುವ ಅಂತರವೇ ಆಫ್‌ಸೆಟ್. ಅದು ಧನಾತ್ಮಕವಾಗಿದ್ದರೆ ಆ ಮುಖ ನಡುಗೆರೆಗಿಂತ ಹೊರಗಿದೆ, ಅಂದರೆ ರಿಮ್‌ನ ಹೆಚ್ಚಿನ ಭಾಗ ಕಾರಿನ ಒಳಗಡೆಗೆ ಸರಿದಿದೆ ಎಂದರ್ಥ. ಹಾಗಾಗಿ ಯಾವುದೇ ಚಕ್ರದ ಒಳಅಂಚು ಹಬ್ ಮುಖದಿಂದ ಎಷ್ಟು ಒಳಗಿದೆ ಎಂದು ತಿಳಿಯಲು ಅಗಲದ ಅರ್ಧಕ್ಕೆ ಆಫ್‌ಸೆಟ್ ಕೂಡಿಸಬೇಕು. ಹೊರಅಂಚಿಗೆ ಅದನ್ನೇ ಕಳೆಯಬೇಕು. ನಿಮ್ಮ ಈಗಿನ 7 ಇಂಚಿನ ರಿಮ್‌ನ ಅರ್ಧ 88.9 ಮಿ.ಮೀ. ಒಳಗೆ 136.9, ಹೊರಗೆ 40.9. ಹೊಸದು 8 ಇಂಚು, +45 ಆದರೆ ಅರ್ಧ 101.6, ಒಳಗೆ 146.6, ಹೊರಗೆ 56.6. ಎಂದರೆ ರಿಮ್ ಒಳಗಡೆಗೆ 9.7 ಮತ್ತು ಹೊರಗಡೆಗೆ 15.7 ಮಿ.ಮೀ. ಬೆಳೆಯಿತು. ರಿಮ್‌ನ ತುಟಿಯ ದಪ್ಪ ಇದರಲ್ಲಿ ಸೇರಿಲ್ಲ; ಎರಡೂ ರಿಮ್‌ಗಳಿಗೆ ಅದು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಹೋಲಿಕೆಗೆ ಬಾಧಕವಿಲ್ಲ.

ಆದರೆ ಸ್ಟ್ರಟ್‌ಗೋ (ಚಕ್ರದ ಒಳಬದಿಯ ಸಸ್ಪೆನ್ಷನ್ ಕಂಬ) ಫೆಂಡರ್‌ಗೋ ತಾಗುವುದು ಸಾಮಾನ್ಯವಾಗಿ ಟೈರ್‌ನ ಪಕ್ಕೆ, ಮತ್ತು ಅದರ ಲೆಕ್ಕ ಬೇರೆ. ಟೈರ್‌ನ ಮೇಲೆ ಬರೆದ ಅಗಲವನ್ನು ಒಂದು ನಿಗದಿತ ಅಳತೆಯ ರಿಮ್ ಮೇಲೆ ಅಳೆದಿರುತ್ತಾರೆ. 215/45 ಆರ್17ಕ್ಕೆ ಅದು 7 ಇಂಚು, 225/45 ಆರ್17ಕ್ಕೆ 7.5 ಇಂಚು. ಅದಕ್ಕಿಂತ ರಿಮ್ ಅರ್ಧ ಇಂಚು ಹೆಚ್ಚಾದರೆ ಟೈರ್‌ನ ಅಗಲ ಸುಮಾರು 5 ಮಿ.ಮೀ. ಹೆಚ್ಚುತ್ತದೆ. ಆದ್ದರಿಂದ 8 ಇಂಚಿನ ರಿಮ್ ಮೇಲೆ 225ರ ಟೈರ್ ಸುಮಾರು 230 ಆಗುತ್ತದೆ. ಅದರ ಅರ್ಧ 115ಕ್ಕೆ ಆಫ್‌ಸೆಟ್ 45 ಕೂಡಿಸಿದರೆ ಒಳಗೆ 160, ಕಳೆದರೆ ಹೊರಗೆ 70. ಈಗಿನ ಟೈರ್‌ಗೆ ಇದೇ ಲೆಕ್ಕ ಹಾಕಿದರೆ ಒಳಗೆ 155.5, ಹೊರಗೆ 59.5. ನಿಜವಾದ ವ್ಯತ್ಯಾಸ ಒಳಗೆ 4.5, ಹೊರಗೆ 10.5 ಮಿ.ಮೀ. ಮಾತ್ರ. ರಿಮ್ ನೋಡಿ ಹೆದರಿದ್ದಕ್ಕಿಂತ ಟೈರ್ ಬಹಳ ಕಡಿಮೆ ಸರಿದಿದೆ.

ಅದೇ ರೀತಿ 9.5 ಇಂಚು, +38, 265/35 ಆರ್18. ಈ ಟೈರ್‌ನ ಅಳತೆಯ ರಿಮ್ 9.5 ಇಂಚೇ ಆದ್ದರಿಂದ ಅಗಲ 265 ಎಂದೇ ಇಟ್ಟುಕೊಳ್ಳಬಹುದು. ಒಳಗೆ 170.5, ಹೊರಗೆ 94.5. ಈಗಿರುವುದಕ್ಕಿಂತ ಒಳಗೆ 15, ಹೊರಗೆ 35 ಮಿ.ಮೀ. ಹೆಚ್ಚು. ಕಂಪನಿಯ ಎತ್ತರದಲ್ಲಿ, ಕಂಪನಿಯ ಕ್ಯಾಂಬರ್‌ನಲ್ಲಿ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ; ಒಳಕ್ಕೆ ವಾಲಿದರೆ ಋಣಾತ್ಮಕ) ಇದು "ಸರಿಯಾಗಿ ಕೂರುತ್ತದೆ" ಎಂದವರು ಸ್ಟಡ್‌ಗಳಿಗೆ ರಂಧ್ರ ಹೊಂದುತ್ತದೆ ಎಂಬಷ್ಟನ್ನೇ ಹೇಳಿದ್ದಾರೆ.

ಫೆಂಡರ್ ಸಮ

ನಾನು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಅಳತೆಗೋಲು ಅವರ ಲೆಕ್ಕ ಸರಿಯಿದೆ, ಆದರೆ ಅದರಿಂದ 9.5 ಇಂಚು ಅಸಾಧ್ಯ ಎಂಬ ಭಾವನೆ ಯಾರಿಗೂ ಬರಬಾರದು. ಇದೇ ಕಾರಿನಲ್ಲಿ ಆ ಅಳತೆಯನ್ನು ಹಲವರು ಓಡಿಸುತ್ತಿದ್ದಾರೆ. ಮುಂದೆ ಎರಡೂವರೆಯಿಂದ ಮೂರು ಡಿಗ್ರಿ ಋಣಾತ್ಮಕ ಕ್ಯಾಂಬರ್ ಕೊಟ್ಟು, ಫೆಂಡರ್‌ನ ಒಳತುಟಿಯನ್ನು ಮಡಚಿ, ತೆಳುವಾದ ಕಾಯಿಲ್‌ಓವರ್ (ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಂದಾಗಿರುವ ಜೋಡಣೆ) ಹಾಕಿದರೆ ಅದು ಅಚ್ಚುಕಟ್ಟಾಗಿ ಕೂರುತ್ತದೆ. ಈ ಕಾರಿನ ಹಿಂಬದಿ ಫೆಂಡರ್‌ಗಳ ಉಬ್ಬು ಎಷ್ಟು ಚೆಂದವೋ, ಅದರೊಳಗೆ ಕಂಪನಿಯ ಚಕ್ರ ಒಳಸರಿದು ನಿಂತಿರುವುದು ಅಷ್ಟೇ ಬೇಸರ ತರುತ್ತದೆ. ಚಕ್ರ ಫೆಂಡರ್‌ನ ಅಂಚಿಗೆ ಸಮವಾಗಿ ನಿಂತಾಗ ಕಾರಿನ ಇಡೀ ನಿಲುವೇ ಬದಲಾಗುತ್ತದೆ. ಅಂದವನ್ನು ಬಯಸುವುದು ತಪ್ಪಲ್ಲ. ಸ್ಪೋರ್ಟ್ಸ್ ಕಾರನ್ನು ಕೊಳ್ಳುವ ಕಾರಣಗಳಲ್ಲಿ ಅದೂ ಒಂದು. ಅಗಲವಾದ ಟೈರ್ ಹೆಚ್ಚು ಹಿಡಿತ ಕೊಡುತ್ತದೆ ಎಂಬುದೂ ನಿಜವೇ.

ಸ್ಟ್ರಟ್ ಮತ್ತು ಸ್ಪ್ರಿಂಗ್

ಫೆಂಡರ್ ಸಮ ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಅವರು ಪಟ್ಟಿ ಮಾಡಿದ ಮೂರೂ ಕೆಲಸಗಳು ಪ್ರಶ್ನೆ ಕೇಳಿದವರ ಯೋಜನೆಯಲ್ಲಿ ಇಲ್ಲ. ಸಸ್ಪೆನ್ಷನ್ ಕಂಪನಿಯದೇ ಇರಲಿದೆ ಎಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ. ಆ ಮಿತಿಯೊಳಗೆ ಉತ್ತರಿಸೋಣ.

ಆಫ್‌ಸೆಟ್ ಬದಲಾವಣೆಯನ್ನು ಜಾಗದ ಪ್ರಶ್ನೆ ಎಂದಷ್ಟೇ ನೋಡಿದರೆ ಸಾಲದು. ಸ್ಟೀರಿಂಗ್ ತಿರುಗುವ ಅಕ್ಷರೇಖೆಯನ್ನು ನೆಲದವರೆಗೆ ಎಳೆದಾಗ ಅದು ಮುಟ್ಟುವ ಬಿಂದುವಿಗೂ, ಟೈರ್ ನೆಲಕ್ಕೆ ಒತ್ತಿಕೊಂಡಿರುವ ಪಟ್ಟಿಯ ನಡುಬಿಂದುವಿಗೂ ಇರುವ ಅಂತರವನ್ನು ಸ್ಕ್ರಬ್ ರೇಡಿಯಸ್ ಎನ್ನುತ್ತಾರೆ. ಆಫ್‌ಸೆಟ್ 48ರಿಂದ 38ಕ್ಕೆ ಇಳಿದರೆ ಆ ನಡುಬಿಂದು 10 ಮಿ.ಮೀ. ಹೊರಕ್ಕೆ ಹೋಗುತ್ತದೆ, ಟೈರ್ ಎಷ್ಟೇ ಅಗಲವಿರಲಿ, ಈ ಪರಿಣಾಮ ಆಫ್‌ಸೆಟ್‌ನದು. ಬಿಂದು ಹೊರಗೆ ಹೋದಷ್ಟೂ ರಸ್ತೆಯ ಉಬ್ಬುತಗ್ಗು ಸ್ಟೀರಿಂಗ್ ಚಕ್ರವನ್ನು ಕೈಯಲ್ಲೇ ಎಳೆಯುತ್ತದೆ, ಮತ್ತು ಬ್ರೇಕ್ ಒತ್ತಿದಾಗ ಎಡಬಲ ಚಕ್ರಗಳ ಹಿಡಿತ ಬೇರೆಯಾಗಿದ್ದರೆ ಕಾರು ಒಂದು ಕಡೆಗೆ ತಿರುಗುವ ಪ್ರವೃತ್ತಿ ಹೆಚ್ಚುತ್ತದೆ. ಅಗಲವಾದ ಟೈರ್ ರಸ್ತೆಯಲ್ಲಿರುವ ಗಾಡಿಜಾಡನ್ನು ಹಿಡಿದು ಓಡುವುದೂ ಇದಕ್ಕೆ ಸೇರುತ್ತದೆ. ಈ ಕಾರಿನ ಸ್ಟೀರಿಂಗ್‌ನ ಹದವನ್ನು ಮೆಚ್ಚಿ ಕೊಂಡವರಿಗೆ ಇದು ಸಣ್ಣ ನಷ್ಟವಲ್ಲ. +45ರಲ್ಲಿ ಆ ಸರಿತ ಕೇವಲ 3 ಮಿ.ಮೀ.; ಅದನ್ನು ಗುರುತಿಸುವುದೇ ಕಷ್ಟ.

ಕ್ಯಾಂಬರ್ ಬಗ್ಗೆ ಒಂದು ಸೂಕ್ಷ್ಮ ಸಂಗತಿ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಈ ಕಾರಿನಲ್ಲಿ ಸ್ಟ್ರಟ್ ಮತ್ತು ನಕಲ್ (ಹಬ್ ಅನ್ನು ಹಿಡಿದಿರುವ ಭಾಗ) ಕೂಡುವಲ್ಲಿ ಕ್ಯಾಂಬರ್ ಬೋಲ್ಟ್ ಹಾಕಿ ಕೋನ ಬದಲಿಸಿದರೆ ಟೈರ್‌ನ ಮೇಲ್ಭಾಗ ಸ್ಟ್ರಟ್‌ನ ಕಡೆಗೆ ವಾಲುತ್ತದೆ, ಒಳಗಿನ ಅಂತರ ಕಡಿಮೆಯಾಗುತ್ತದೆ. ಅದೇ ಕೋನವನ್ನು ಮೇಲ್ಗಡೆಯ ಕ್ಯಾಂಬರ್ ಪ್ಲೇಟ್‌ನಿಂದ ಪಡೆದರೆ ಸ್ಟ್ರಟ್ ಮತ್ತು ಚಕ್ರ ಒಟ್ಟಿಗೇ ವಾಲುವುದರಿಂದ ಅವುಗಳ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. "ಎರಡು ಡಿಗ್ರಿ ಕ್ಯಾಂಬರ್‌ನಲ್ಲಿ ನನಗೆ ಕೂತಿದೆ" ಎಂದು ಯಾರಾದರೂ ಹೇಳಿದಾಗ, ಅದು ಎಲ್ಲಿಂದ ಬಂದ ಎರಡು ಡಿಗ್ರಿ ಎಂದು ಕೇಳದೆ ಆ ಅಳತೆಯನ್ನು ನಿಮ್ಮ ಕಾರಿಗೆ ಅನ್ವಯಿಸಬೇಡಿ.

ಕೆಂಪುಕೂಪೆ

ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ, ಧನ್ಯವಾದಗಳು. ಎರಡು ಪ್ರಶ್ನೆಗಳು. ಕಾರಿನಲ್ಲಿ ನಿಜವಾಗಿ ಎಷ್ಟು ಜಾಗವಿದೆ ಎಂಬುದನ್ನು ಮನೆಯಲ್ಲೇ ಅಳೆಯಬಹುದೇ? ಹಾಗೆಯೇ, 225/45 ಆರ್17 ಹಾಕಿದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆಯೇ?

ಅಳತೆಗೋಲು

ಅಳೆಯಬಹುದು, ಅಳೆಯಲೇಬೇಕು. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಸ್ಟೀರಿಂಗ್ ನೇರವಾಗಿಟ್ಟು, ಫೆಂಡರ್‌ನ ಅತಿ ಎತ್ತರದ ಅಂಚಿನಿಂದ ಒಂದು ತೂಗುಗುಂಡಿನ ದಾರ ಇಳಿಬಿಡಿ. ದಾರಕ್ಕೂ ಟೈರ್‌ನ ಉಬ್ಬಿದ ಪಕ್ಕೆಗೂ ಇರುವ ಅಡ್ಡ ಅಂತರವೇ ನಿಮ್ಮ ಹೊರಗಿನ ಜಾಗ. ನಾಲ್ಕೂ ಮೂಲೆಯಲ್ಲಿ ಅಳೆಯಿರಿ. ಎಡಕ್ಕೂ ಬಲಕ್ಕೂ ಕೆಲವು ಮಿಲಿಮೀಟರ್ ವ್ಯತ್ಯಾಸ ಕಂಡರೆ ಗಾಬರಿ ಬೇಡ, ಕಡಿಮೆಯಿರುವ ಕಡೆಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಒಳಗಿನ ಅಂತರಕ್ಕೆ ಚಕ್ರ ಬಿಚ್ಚುವ ಅಗತ್ಯವಿಲ್ಲ. ಜ್ಯಾಕ್‌ನಿಂದ ಎತ್ತಿ, ಕಾರಿನ ಭಾರವನ್ನು ಸ್ಟ್ಯಾಂಡ್‌ಗಳ ಮೇಲೆ ಬಿಟ್ಟು, ಮಕ್ಕಳು ಆಡುವ ಮೆತ್ತನೆಯ ಜೇಡಿಯ ಉಂಡೆಯೊಂದನ್ನು ಟೈರ್ ಮತ್ತು ಸ್ಟ್ರಟ್ ಅತ್ಯಂತ ಹತ್ತಿರವಿರುವಲ್ಲಿ ತುರುಕಿ ತೆಗೆದರೆ ಅದರ ದಪ್ಪವನ್ನು ಕ್ಯಾಲಿಪರ್‌ನಿಂದ ಅಳೆಯಬಹುದು. ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಒಳಹೊದಿಕೆ ಮತ್ತು ಬಂಪರ್‌ನ ಮೂಲೆಗಳನ್ನೂ ನೋಡಿ. ಅಗಲ ಹೆಚ್ಚಿದಾಗ ಮೊದಲು ಮುಟ್ಟುವುದು ಹಲವು ಬಾರಿ ಅಲ್ಲೇ.

ಈಗ ಮುಖ್ಯ ವಿಷಯ. ಒಳಗಿನ ಅಂತರ ಮತ್ತು ಹೊರಗಿನ ಅಂತರವನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಮುಂದಿನ ಸ್ಟ್ರಟ್ ಚಕ್ರದ ನಕಲ್‌ಗೆ ಬಿಗಿಯಾಗಿ ಕೂಡಿರುವುದರಿಂದ ಚಕ್ರ ಮೇಲೆ ಕೆಳಗೆ ಆಡುವಾಗ ಅದೂ ಜೊತೆಗೇ ಚಲಿಸುತ್ತದೆ. ಅಲ್ಲಿ 5 ಮಿ.ಮೀ. ಉಳಿದರೂ ಸಾಕು. ಫೆಂಡರ್ ಹಾಗಲ್ಲ, ಅದು ಕಾರಿನ ಮೈಗೆ ಸೇರಿದ್ದು. ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ಟೈರ್ ಅದರ ಒಳಕ್ಕೇ ನುಗ್ಗುತ್ತದೆ. ನಿಂತ ಕಾರಿನಲ್ಲಿ ಬೆರಳು ಹೋಗುವಷ್ಟು ಜಾಗವಿದೆ ಎಂಬುದು ತಿರುವಿನಲ್ಲಿ ಹಳ್ಳಕ್ಕೆ ಇಳಿದ ಕಾರಿಗೆ ಏನನ್ನೂ ಹೇಳುವುದಿಲ್ಲ. ಅದಕ್ಕಾಗಿ ಹಿಂಬದಿಯಲ್ಲಿ ಕೆಳಗಿನ ತೋಳಿನ ಅಡಿ ಜ್ಯಾಕ್ ಇಟ್ಟು ಚಕ್ರವನ್ನು ಮೇಲಕ್ಕೆ ಒತ್ತಿ ನೋಡುವುದು ಉತ್ತಮ. ಹಿಂದೆ ಡಬಲ್ ವಿಷ್‌ಬೋನ್ (ಮೇಲೊಂದು ಕೆಳಗೊಂದು ತೋಳಿನ ಸಸ್ಪೆನ್ಷನ್) ಇರುವುದರಿಂದ ಮೇಲೇರುವಾಗ ಚಕ್ರದ ತಲೆ ಸ್ವಲ್ಪ ಒಳಕ್ಕೆ ವಾಲುತ್ತದೆ, ಅದು ನಿಮಗೆ ಅನುಕೂಲವೇ. ಇದನ್ನು ಮಾಡುವಾಗ ಕಾರಿನ ಕೆಳಗೆ ಯಾರೂ ಇರಬಾರದು.

ಸ್ಪೀಡೋಮೀಟರ್ ಲೆಕ್ಕ ಸುಲಭ. 215/45 ಆರ್17ರ ವ್ಯಾಸ: 17ನ್ನು 25.4ರಿಂದ ಗುಣಿಸಿದರೆ 431.8, ಅದಕ್ಕೆ 215ರ ಶೇ. 45ರ ಎರಡರಷ್ಟು, ಅಂದರೆ 193.5 ಕೂಡಿಸಿದರೆ 625.3 ಮಿ.ಮೀ. 225/45 ಆರ್17ಕ್ಕೆ 634.3. ವ್ಯತ್ಯಾಸ ಶೇ. 1.4. ಮೀಟರ್ 100 ತೋರಿಸುವಾಗ ಕಾರು ಹಿಂದಿಗಿಂತ ಒಂದೂವರೆ ಕಿ.ಮೀ.ಯಷ್ಟು ಹೆಚ್ಚು ವೇಗದಲ್ಲಿರುತ್ತದೆ. ವಿಶ್ವಸಂಸ್ಥೆಯ ಯುರೋಪ್ ಆಯೋಗದ 39ನೇ ನಿಯಮಾವಳಿಯ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಆದ್ದರಿಂದ ಕಂಪನಿಗಳು ಅದನ್ನು ಸ್ವಲ್ಪ ಹೆಚ್ಚು ತೋರಿಸುವಂತೆಯೇ ಇಟ್ಟಿರುತ್ತವೆ. ಶೇ. 1.4 ಆ ಮೀಸಲಿನೊಳಗೆ ಅಡಗಬಹುದು. 265/35 ಆರ್18ರ ವ್ಯಾಸ 642.7, ಅಂದರೆ ಶೇ. 2.8 ಹೆಚ್ಚು, ಅಷ್ಟೇ ಪ್ರಮಾಣದಲ್ಲಿ ಗೇರಿಂಗ್ ಕೂಡ ಉದ್ದವಾಗುತ್ತದೆ, ಎಂದರೆ ಎಂಜಿನ್‌ನ ಪ್ರತಿ ಸುತ್ತಿಗೆ ಕಾರು ಹೆಚ್ಚು ದೂರ ಸಾಗಬೇಕಾಗುತ್ತದೆ. ಸುಮಾರು 200 ಅಶ್ವಶಕ್ತಿಯ, ಟರ್ಬೊ ಇಲ್ಲದ ಎಂಜಿನ್‌ಗೆ ಅದು ಬೇಕಿಲ್ಲದ ಹೊರೆ.

ಟ್ರ್ಯಾಕ್ ಬೆಳಗು

ಚರ್ಚೆ ಅಲಾಯ್‌ನಿಂದ ಶುರುವಾಗಿ ಟೈರ್ ಕಡೆಗೆ ಬರುತ್ತಿದೆ. ನನ್ನ ಪ್ರಕಾರ ದಾರಿ ತಿರುಗುಮುರುಗಾಗಬೇಕು. ಮೊದಲು ಟೈರ್ ಆರಿಸಿ, ಆ ಟೈರ್ ಬಯಸುವ ರಿಮ್ ಅಗಲ ನೋಡಿ, ಆ ಅಗಲಕ್ಕೆ ನಿಮ್ಮ ಕಾರು ಬಯಸುವ ಆಫ್‌ಸೆಟ್ ಲೆಕ್ಕ ಹಾಕಿ, ಕೊನೆಗೆ ಆ ಅಳತೆಯಲ್ಲಿ ಸಿಗುವ ಅಲಾಯ್‌ಗಳಲ್ಲಿ ಕಣ್ಣಿಗೆ ಒಪ್ಪಿದ್ದನ್ನು ಕೊಳ್ಳಿ. ನೆಲವನ್ನು ಮುಟ್ಟುವುದು ಟೈರ್ ಒಂದೇ. ಸಾಧಾರಣ ಟೈರ್‌ನ 245ಕ್ಕಿಂತ ಒಳ್ಳೆಯ ಟೈರ್‌ನ 225 ತಿರುವಿನಲ್ಲಿಯೂ ಬ್ರೇಕ್‌ನಲ್ಲಿಯೂ ಮುಂದಿರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನೆನಪಿಡಬೇಕಾದ ಇನ್ನೊಂದು ಮಾತೆಂದರೆ, ಈ ಕಾರು ಹೊಸದಾಗಿ ಬಂದಾಗ ಅದಕ್ಕೆ ಹಾಕಿದ್ದು ಮಿಶೆಲಿನ್ ಪ್ರೈಮಸಿ ಎಚ್‌ಪಿ, ಸ್ಪೋರ್ಟ್ಸ್ ಕಾರಿಗಿಂತ ಸೆಡಾನ್‌ಗಳಿಗೆ ಹೆಚ್ಚು ಒಗ್ಗುವ ಟೈರ್. ಕಡಿಮೆ ವೇಗದಲ್ಲೇ ಹಿಂಬದಿ ಜಾರುವ ಆನಂದ ಸಿಗಲಿ ಎಂಬುದು ಆ ಆಯ್ಕೆಯ ಹಿಂದಿನ ಉದ್ದೇಶ. ಹಾಗಾಗಿ ಅಳತೆ ಒಂದಿಷ್ಟೂ ಬದಲಿಸದೆ, ಅದೇ 215ರಲ್ಲಿ ಉತ್ತಮ ಬೇಸಿಗೆ ಟೈರ್ ಹಾಕಿದರೂ ಕಾರು ಬೇರೆಯೇ ಆಗುತ್ತದೆ. ಅಗಲದ ಮೇಲೆ ಹಣ ಸುರಿಯುವ ಮೊದಲು ಇದನ್ನು ಯೋಚಿಸಿ.

ಟೈರ್ ಪಕ್ಕೆಯ ಟ್ರೆಡ್‌ವೇರ್ ಸಂಖ್ಯೆಯನ್ನು ಬಹಳ ಜನ ಹಿಡಿತದ ಅಳತೆ ಎಂದು ಓದುತ್ತಾರೆ. 100 ಎಂದು ಗುರುತಿಸಿದ ಒಂದು ಪರಾಮರ್ಶೆಯ ಟೈರ್‌ಗೆ ಹೋಲಿಸಿದ ಸವೆತದ ಅಂಕ ಅದು, ಮತ್ತು ಅದನ್ನು ನಮೂದಿಸುವವರು ತಯಾರಕರೇ. ಒಂದೇ ಕಂಪನಿಯ ಎರಡು ಟೈರ್‌ಗಳನ್ನು ಹೋಲಿಸಲು ಅದು ನೆರವಾಗುತ್ತದೆ. ಬೇರೆ ಬೇರೆ ಕಂಪನಿಗಳ ನಡುವೆ ಅಷ್ಟಾಗಿ ಅಲ್ಲ. ನಿತ್ಯವೂ ಓಡಿಸಿ ಟ್ರ್ಯಾಕ್‌ಗೂ ಹೋಗುವ ಕಾರಿಗೆ ಟ್ರೆಡ್‌ವೇರ್ 200ರ ಮೆತ್ತನೆಯ ಟೈರ್‌ನ ಪ್ರಲೋಭನೆ ಸಹಜ, ಆದರೆ ಅಂಥವುಗಳ ಕಾಲುವೆಗಳು ಕಡಿಮೆ, ನಿಂತ ನೀರಿನ ಮೇಲೆ ತೇಲುವ ಅಪಾಯ ಹೆಚ್ಚು. ಬೇಸಿಗೆಯ ಟೈರ್‌ಗಳೆಲ್ಲವೂ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತವೆ ಎಂಬುದೂ ತಿಳಿದಿರಲಿ.

17ಕ್ಕೆ ಬದಲು 18 ಏಕೆ ಎಂಬ ಪ್ರಶ್ನೆಗೆ ಈ ಕಾರಿನಲ್ಲಿ ನನಗೆ ಎರಡೇ ಉತ್ತರ ಕಾಣುತ್ತವೆ: ದೊಡ್ಡ ಬ್ರೇಕ್, ಅಥವಾ ನೋಟ. ಎರಡೂ ಇಲ್ಲದಿದ್ದರೆ 17ರಲ್ಲೇ ಉಳಿಯಿರಿ. ಪಕ್ಕೆಯ ರಬ್ಬರ್ ಹೆಚ್ಚು ಉಳಿಯುತ್ತದೆ, ಗುಂಡಿಗೆ ಬಿದ್ದಾಗ ರಿಮ್ ಬಾಗುವ ಸಾಧ್ಯತೆ ಕಡಿಮೆ, ಟೈರ್‌ನ ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ಹಗುರ

ತೂಕದ ಬಗ್ಗೆ ಉತ್ಪ್ರೇಕ್ಷೆ ಬಹಳ ಹರಿದಾಡುವುದರಿಂದ ಲೆಕ್ಕ ಕೊಡುತ್ತೇನೆ. ಉರುಳುವ ಚಕ್ರದ ಭಾರ ವೇಗವರ್ಧನೆಯಲ್ಲಿ ಎರಡು ಬಾರಿ ಕೆಲಸ ಕೇಳುತ್ತದೆ, ಮುಂದಕ್ಕೆ ಸಾಗಲು ಒಮ್ಮೆ, ತಿರುಗಲು ಒಮ್ಮೆ. ತಿರುಗುವ ಪಾಲು ಭಾರ ಎಷ್ಟು ಹೊರಗಿದೆ ಎಂಬುದರ ವರ್ಗಕ್ಕೆ ತಕ್ಕಂತೆ ಏರುತ್ತದೆ. 17 ಇಂಚಿನ ರಿಮ್‌ನ ಅಂಚು ನಡುವಿನಿಂದ 216 ಮಿ.ಮೀ. ದೂರದಲ್ಲಿದ್ದರೆ ಟೈರ್‌ನ ಹೊರಮೈ 313ರಲ್ಲಿದೆ. ಆದ್ದರಿಂದ ರಿಮ್ ಅಂಚಿನಲ್ಲಿ ಉಳಿಸಿದ ಒಂದು ಕಿಲೋ ಕಾರಿನಿಂದ ಇಳಿಸಿದ ಸುಮಾರು ಒಂದೂವರೆ ಕಿಲೋಗೆ ಸಮ. ಟೈರ್‌ನ ಹೊರಮೈಯಲ್ಲಿ ಉಳಿಸಿದ್ದು ಹೆಚ್ಚುಕಡಿಮೆ ಎರಡು ಕಿಲೋಗೆ ಸಮ.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಒಂದು, ಪ್ರತಿ ಅಲಾಯ್‌ನಲ್ಲಿ ಎರಡು ಕಿಲೋ ಉಳಿಸಿದರೂ ನಾಲ್ಕೂ ಸೇರಿ 12 ಕಿಲೋ ಇಳಿಸಿದಷ್ಟೇ ಲಾಭ. ಸುಮಾರು 1,250 ಕಿಲೋ ತೂಗುವ ಕಾರಿನಲ್ಲಿ ಅದು ಶೇ. 1ರ ಆಸುಪಾಸು. ವೇಗವರ್ಧನೆ ಬದಲಾಯಿತೆಂದು ಯಾರಾದರೂ ಹೇಳಿದರೆ ಅದು ಬಹುತೇಕ ಭಾವನೆ. ಹಗುರ ಚಕ್ರದ ನಿಜವಾದ ಲಾಭ ಇರುವುದು ಸ್ಪ್ರಿಂಗ್‌ನ ಕೆಳಗಿನ ಭಾರ ಕಡಿಮೆಯಾಗಿ ಒರಟು ರಸ್ತೆಯಲ್ಲಿ ಟೈರ್ ನೆಲವನ್ನು ಬಿಡದೆ ಹಿಂಬಾಲಿಸುವುದರಲ್ಲಿ. ಎರಡು, ಅತ್ಯಂತ ಹಗುರ ಅಲಾಯ್ ಕೊಂಡು ಅದಕ್ಕೆ ಭಾರವಾದ ಅಗಲ ಟೈರ್ ಹಾಕಿದರೆ ಗಳಿಸಿದ್ದನ್ನು ಅತಿ ದುಬಾರಿಯಾದ ಜಾಗದಲ್ಲಿ ಕಳೆದುಕೊಂಡಂತೆ. ಟೈರ್‌ನ ತೂಕವನ್ನೂ ಕೇಳಿ.

ಫೆಂಡರ್ ಸಮ

ಹಗುರ ಅವರ ಲೆಕ್ಕ ಒಪ್ಪಿದೆ. ಸಸ್ಪೆನ್ಷನ್ ಮುಟ್ಟದ ಕಾರಿಗೆ 9.5 ಬೇಡ ಎಂಬುದನ್ನೂ ಒಪ್ಪುತ್ತೇನೆ. ಆದರೂ ನಡುದಾರಿಯೊಂದನ್ನು ಸೂಚಿಸಬಹುದೇ? 17×9, +42, 245/40 ಆರ್17. ವ್ಯಾಸ 627.8, ಕಂಪನಿಯದಕ್ಕಿಂತ ಶೇ. 0.4 ಮಾತ್ರ ಹೆಚ್ಚು. ಅದು ಬೇಡವೆಂದಾದರೆ ಹಿಂದೆ ಮಾತ್ರ ಅಗಲ ಮಾಡಬಹುದಲ್ಲವೇ? ನಿಸ್ಸಾನ್ 370ಝಡ್ ಕಾರಿಗೆ ಕಂಪನಿಯೇ ಮುಂದೆ 245/40 ಆರ್19, ಹಿಂದೆ 275/35 ಆರ್19 ಕೊಟ್ಟಿತ್ತು.

ಸ್ಟ್ರಟ್ ಮತ್ತು ಸ್ಪ್ರಿಂಗ್

17×9 ಗೌರವಾರ್ಹ ಸಲಹೆ. ಟ್ರ್ಯಾಕ್‌ಗೆ ಹೋಗುವವರು ಈ ಅಳತೆಯನ್ನು ಇಷ್ಟಪಡಲು ಒಳ್ಳೆಯ ಕಾರಣವಿದೆ. ಆದರೆ 9 ಇಂಚಿನ ಮೇಲೆ 245ರ ಟೈರ್ ಸುಮಾರು 250 ಆಗುತ್ತದೆ; ಒಳಗೆ 11.5, ಹೊರಗೆ 23.5 ಮಿ.ಮೀ. ಹೆಚ್ಚು. ಕ್ಯಾಂಬರ್ ಪ್ಲೇಟ್ ಹಾಕುವ ದಿನ ಇದನ್ನು ಪರಿಗಣಿಸಲಿ, ಅದಕ್ಕೆ ಮೊದಲು ಬೇಡ.

ಹಿಂದೆ ಮಾತ್ರ ಅಗಲ ಮಾಡುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. 370ಝಡ್‌ನ ಅಳತೆಗಳನ್ನೇ ನೋಡಿ: ಮುಂದಿನ ವ್ಯಾಸ 678.6, ಹಿಂದಿನದು 675.1. ಅಗಲ ಬೇರೆಯಾದರೂ ವ್ಯಾಸವನ್ನು ಎಷ್ಟು ಹತ್ತಿರ ಇಟ್ಟಿದ್ದಾರೆ! ಎಬಿಎಸ್ ಮತ್ತು ಸ್ಥಿರತಾ ನಿಯಂತ್ರಣ ಮುಂದಿನ ಹಿಂದಿನ ಚಕ್ರಗಳ ವೇಗವನ್ನು ಹೋಲಿಸಿಯೇ ಜಾರುವಿಕೆಯನ್ನು ಪತ್ತೆ ಮಾಡುತ್ತವೆ. ವ್ಯಾಸದ ವ್ಯತ್ಯಾಸ ದೊಡ್ಡದಾದರೆ ಇಲ್ಲದ ಜಾರುವಿಕೆ ಅವಕ್ಕೆ ಕಾಣುತ್ತದೆ. ಜೊತೆಗೆ ಆ ಕಾರಿನ ಶಕ್ತಿ, ಭಾರ, ಸ್ಪ್ರಿಂಗ್, ಆಂಟಿರೋಲ್ ಬಾರ್ ಎಲ್ಲವನ್ನೂ ಆ ಅಳತೆಗೆಂದೇ ಹದಗೊಳಿಸಲಾಗಿದೆ. 86ರಲ್ಲಿ ನಾಲ್ಕೂ ಚಕ್ರ ಒಂದೇ ಅಳತೆ. ಹಿಂದಿನ ಹಿಡಿತವನ್ನಷ್ಟೇ ಹೆಚ್ಚಿಸಿದರೆ ತಿರುವಿನಲ್ಲಿ ಕಾರಿನ ಮೂತಿ ಹೊರಕ್ಕೆ ಓಡುತ್ತದೆ, ಈ ಕಾರಿನ ಸಮತೋಲವೇ ಹೋಗುತ್ತದೆ. ಟೈರ್‌ಗಳನ್ನು ಮುಂದೆ ಹಿಂದೆ ಅದಲುಬದಲು ಮಾಡುವ ಅನುಕೂಲವೂ ತಪ್ಪುತ್ತದೆ.

ಟ್ರ್ಯಾಕ್ ಬೆಳಗು

ಇದಕ್ಕೆ ನನ್ನ ಪೂರ್ಣ ಸಹಮತವಿದೆ.

ಎರಕ

ಅಳತೆ ನಿರ್ಧಾರವಾಗುವ ಹಂತಕ್ಕೆ ಬಂದಿರುವುದರಿಂದ ಅಲಾಯ್‌ನ ಗುಣಮಟ್ಟದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಇಲ್ಲಿ ಆಗುವ ಅವಘಡ ಪ್ರಾಣಕ್ಕೆ ಸಂಬಂಧಿಸಿದ್ದು. ಅಚ್ಚಿಗೆ ಎರೆದು ಮಾಡಿದ ಅಲಾಯ್, ಎರೆದ ಬಳಿಕ ರಿಮ್ ಭಾಗವನ್ನು ಬಿಸಿಯಲ್ಲಿ ಒತ್ತಿ ತೆಳುವಾಗಿ ಎಳೆದ ಫ್ಲೋ ಫಾರ್ಮ್ಡ್ ಅಲಾಯ್, ಘನ ಅಲ್ಯುಮಿನಿಯಮ್ ತುಂಡನ್ನು ಭಾರಿ ಒತ್ತಡದಲ್ಲಿ ರೂಪಿಸಿದ ಫೋರ್ಜ್ಡ್ ಅಲಾಯ್: ಇವು ಮೂರು ಮುಖ್ಯ ಬಗೆಗಳು. ಒಂದೇ ಬಲಕ್ಕೆ ಫೋರ್ಜ್ಡ್ ಎಲ್ಲಕ್ಕಿಂತ ಹಗುರ, ಬೆಲೆಯೂ ಎಲ್ಲಕ್ಕಿಂತ ಹೆಚ್ಚು. ಫ್ಲೋ ಫಾರ್ಮ್ಡ್ ನಿಮ್ಮಂಥ ಬಳಕೆಗೆ ನ್ಯಾಯವಾದ ನಡುದಾರಿ. ಹೆಸರಾಂತ ವಿನ್ಯಾಸದ ನಕಲನ್ನು ಮಾತ್ರ ಕೊಳ್ಳಬೇಡಿ. ಕಡ್ಡಿಗಳ ಆಕಾರವನ್ನು ನಕಲು ಮಾಡುವುದು ಸುಲಭ, ಒಳಗಿನ ಲೋಹವನ್ನಲ್ಲ.

ಅಲಾಯ್‌ನ ಒಳಮೈಯಲ್ಲಿ ಜಪಾನಿನ ಗುಣಮಟ್ಟ ಪರೀಕ್ಷೆಯ ಜೆಡಬ್ಲ್ಯುಎಲ್ ಮತ್ತು ವಿಐಎ ಗುರುತುಗಳಿವೆಯೇ, ಅಥವಾ ಜರ್ಮನಿಯ ಟ್ಯೂಫ್ ಮಾನ್ಯತೆ ಇದೆಯೇ ನೋಡಿ. ಅಲ್ಲಿಯೇ ಆ ಚಕ್ರ ಹೊರಬಲ್ಲ ಗರಿಷ್ಠ ಭಾರವೂ ಕಿಲೋಗಳಲ್ಲಿ ನಮೂದಾಗಿರುವುದುಂಟು. ಟೈರ್‌ಗೂ ಇದೇ ನಿಯಮ: ನಿಮ್ಮ ಕಂಪನಿ ಟೈರ್‌ನ 87 ಎಂಬ ಸೂಚ್ಯಂಕ 545 ಕಿಲೋ ಹೊರುವ ಸಾಮರ್ಥ್ಯ. ಹೊಸ ಟೈರ್ ಅದಕ್ಕಿಂತ ಕಡಿಮೆ ಇರಬಾರದು. 225/45 ಆರ್17ರಲ್ಲಿ ಸಾಮಾನ್ಯವಾಗಿ ಸಿಗುವ 91 ಎಂದರೆ 615 ಕಿಲೋ, ನಿಶ್ಚಿಂತೆ. ಎಕ್ಸ್‌ಎಲ್ (ಹೆಚ್ಚುವರಿ ಭಾರದ್ದು) ಎಂದು ಬರೆದ ಟೈರ್ ಅದೇ ಭಾರಕ್ಕೆ ಹೆಚ್ಚು ಗಾಳಿ ಕೇಳುತ್ತದೆ ಎಂಬುದನ್ನು ಒತ್ತಡ ನಿಗದಿಪಡಿಸುವಾಗ ಮರೆಯಬೇಡಿ.

ಕೊನೆಯದಾಗಿ ಬ್ರೇಕ್. ಕಡ್ಡಿಗಳಿಗೂ ಕ್ಯಾಲಿಪರ್‌ಗೂ ಇರುವ ಅಂತರವನ್ನು ಆಫ್‌ಸೆಟ್ ಹೇಳುವುದಿಲ್ಲ. ಒಂದೇ ಅಗಲ, ಒಂದೇ ಆಫ್‌ಸೆಟ್‌ನ ಎರಡು ಅಲಾಯ್‌ಗಳಲ್ಲಿ ಒಂದು ಕ್ಯಾಲಿಪರ್‌ಗೆ ತಾಗಬಹುದು, ಇನ್ನೊಂದು ಆರಾಮವಾಗಿ ತಿರುಗಬಹುದು. ಕಂಪನಿಯ ಬ್ರೇಕ್‌ನಲ್ಲಿ ತೊಂದರೆ ಬರಲಾರದು. ಬ್ರೆಂಬೊ ಕಂಪನಿಯ ದೊಡ್ಡ ಬ್ರೇಕ್ ಹಾಕುವ ಮನಸ್ಸಿದ್ದರೆ ಅಲಾಯ್ ತಯಾರಕರ ಬಳಿ ಕ್ಯಾಲಿಪರ್‌ನ ರೇಖಾಚಿತ್ರ ಇಟ್ಟು ಕೇಳಿ.

ಕೆಂಪುಕೂಪೆ

ಎಲ್ಲರ ಮಾತನ್ನೂ ಮತ್ತೆ ಮತ್ತೆ ಓದಿ, ಕಾರನ್ನು ಅಳೆದು ನೋಡಿದೆ. ಸ್ಟ್ರಟ್‌ನ ಬಳಿ 4.5 ಮಿ.ಮೀ. ಕಳೆದರೂ ಧಾರಾಳವಾಗಿ ಉಳಿಯುತ್ತದೆ, ಹೊರಗೂ ಟೈರ್ ಫೆಂಡರ್‌ನ ಅಂಚನ್ನು ದಾಟುವುದಿಲ್ಲ. 17×8, +45, ಫ್ಲೋ ಫಾರ್ಮ್ಡ್ ಅಲಾಯ್, 225/45 ಆರ್17 ಬೇಸಿಗೆ ಟೈರ್ ಎಂದು ನಿರ್ಧರಿಸಿದ್ದೇನೆ. ಆದರೆ ಆ ಅಲಾಯ್‌ನ ನಡುರಂಧ್ರ 73.1 ಮಿ.ಮೀ., ನನ್ನ ಹಬ್ 56.1. ಇದರಿಂದ ತೊಂದರೆಯೇ? ಫೆಂಡರ್ ಸಮ ಅವರಂತೆ ಹಿಂದೆ ಇನ್ನೊಂದಿಷ್ಟು ಹೊರಗೆ ಬರಲಿ ಎಂಬ ಆಸೆ ನನಗೂ ಇರುವುದರಿಂದ ಹಬ್ ಮತ್ತು ಚಕ್ರದ ನಡುವೆ ತೆಳು ಸ್ಪೇಸರ್ (ಅಂತರದ ಬಿಲ್ಲೆ) ಹಾಕಬಹುದೇ ಎಂಬುದನ್ನೂ ತಿಳಿಸಿ.

ಅಳತೆಗೋಲು

ಒಳ್ಳೆಯ ಆಯ್ಕೆ. ನಡುರಂಧ್ರ ದೊಡ್ಡದಿರುವುದು ಹೊರಗಿನ ಅಲಾಯ್‌ಗಳಲ್ಲಿ ಸಾಮಾನ್ಯ, ಹಲವು ಕಾರುಗಳಿಗೆ ಒಂದೇ ಎರಕ ಹೊಂದಲಿ ಎಂದು ಹಾಗೆ ಮಾಡುತ್ತಾರೆ. ಹೊರವ್ಯಾಸ 73.1, ಒಳವ್ಯಾಸ 56.1 ಇರುವ ಹಬ್ ರಿಂಗ್ ಹಾಕಿ. ಟ್ರ್ಯಾಕ್‌ನಲ್ಲಿ ಬ್ರೇಕ್ ಬಿಸಿಯಾಗುವುದರಿಂದ ಪ್ಲಾಸ್ಟಿಕ್ ಬೇಡ, ಅಲ್ಯುಮಿನಿಯಮ್ ಇರಲಿ. ರಿಂಗ್ ಭಾರ ಹೊರುವುದಿಲ್ಲ. ನಟ್ ಬಿಗಿಯುವಾಗ ಚಕ್ರವನ್ನು ಸರಿಯಾಗಿ ನಡುವಿಗೆ ತರುವುದಷ್ಟೇ ಅದರ ಕೆಲಸ. ಭಾರವನ್ನು ಹೊರುವುದು ನಟ್‌ಗಳ ಬಿಗಿತದಿಂದ ಚಕ್ರ ಮತ್ತು ಹಬ್‌ನ ಮುಖಗಳ ನಡುವೆ ಹುಟ್ಟುವ ಘರ್ಷಣೆ. ಆದ್ದರಿಂದ ಹಬ್‌ನ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ಪೂರ್ತಿ ಉಜ್ಜಿ ತೆಗೆಯಿರಿ.

ಸ್ಪೇಸರ್ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿದೆ. ನಟ್ ಸ್ಟಡ್‌ನ ಮೇಲೆ ಕನಿಷ್ಠ ಸ್ಟಡ್‌ನ ವ್ಯಾಸದಷ್ಟು, ಅಂದರೆ 12 ಮಿ.ಮೀ. ಏರಬೇಕು, 1.25ರ ಮರೆಯಲ್ಲಿ ಅದು ಸುಮಾರು ಹತ್ತು ಪೂರ್ಣ ಸುತ್ತು. 5 ಮಿ.ಮೀ. ಸ್ಪೇಸರ್ ಅದರಲ್ಲಿ ನಾಲ್ಕು ಸುತ್ತು ತಿನ್ನುತ್ತದೆ, ಹಬ್‌ನ ತುಟಿಯನ್ನೂ ಮುಚ್ಚುವುದರಿಂದ ರಿಂಗ್‌ಗೆ ಹಿಡಿಯಲು ಜಾಗ ಉಳಿಯುವುದಿಲ್ಲ. ಉದ್ದದ ಸ್ಟಡ್ ಹಾಕುವವರೆಗೆ ಅದನ್ನು ಬಿಟ್ಟುಬಿಡಿ.

ನಟ್‌ನ ಕೂರುವ ಮುಖವನ್ನೂ ನೋಡಿ. ಹೊರಗಿನ ಅಲಾಯ್‌ಗಳಲ್ಲಿ ಹೆಚ್ಚಿನವಕ್ಕೆ 60 ಡಿಗ್ರಿಯ ಶಂಕುವಿನಾಕಾರದ್ದು ಬೇಕು; ಗೋಳಾಕಾರದ ಮುಖದ ನಟ್ ಅದರಲ್ಲಿ ಅಂಚಿಗೆ ಮಾತ್ರ ತಾಗಿ ನಿಲ್ಲುತ್ತದೆ, ಬಿಗಿಯಾಗಿದೆ ಎನಿಸಿದರೂ ದಾರಿಯಲ್ಲಿ ಸಡಿಲವಾಗುತ್ತದೆ. ಮೊದಲು ಕೈಯಿಂದಲೇ ಏರಿಸಿ, ನಕ್ಷತ್ರದ ಕ್ರಮದಲ್ಲಿ ಎರಡು ಹಂತಗಳಲ್ಲಿ ಬಿಗಿದು, ಚಕ್ರ ನೆಲ ಮುಟ್ಟಿದ ಮೇಲೆ ಟಾರ್ಕ್ ರೆಂಚ್‌ನಿಂದ ಕೈಪಿಡಿಯಲ್ಲಿರುವ 120 ನ್ಯೂಟನ್ ಮೀಟರ್‌ಗೆ ಮುಗಿಸಿ. ಮರೆಗೆ ಗ್ರೀಸ್ ಹಚ್ಚಬೇಡಿ. ಹಚ್ಚಿದರೆ ರೆಂಚ್ ಅದೇ ಸಂಖ್ಯೆ ತೋರಿಸಿದರೂ ಸ್ಟಡ್ ಅದಕ್ಕಿಂತ ಬಹಳ ಹೆಚ್ಚು ಹಿಗ್ಗುತ್ತದೆ. ಸುಮಾರು 100 ಕಿ.ಮೀ. ಓಡಿದ ಬಳಿಕ, ಅಲಾಯ್ ತಣ್ಣಗಿರುವಾಗ, ಅದೇ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸಿ.

ಟ್ರ್ಯಾಕ್ ಬೆಳಗು

ಟೈರ್ ತೆಗೆದುಕೊಳ್ಳುವಾಗ ಪಕ್ಕೆಯ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿಗಳನ್ನು ಓದಿ. 3522 ಎಂದಿದ್ದರೆ 2022ರ 35ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಒಂದೇ ಕಾಲದವಾಗಿರಲಿ. ಗಾಳಿಯನ್ನು ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ 35 ಪಿಎಸ್‌ಐನಿಂದಲೇ ಆರಂಭಿಸಿ, ಟ್ರ್ಯಾಕ್‌ನಲ್ಲಿ ಬಿಸಿಯಾದ ಮೇಲೆ ಅಳೆದು ಹೊಂದಿಸಿಕೊಳ್ಳಿ. ಹೊಸ ಟೈರ್‌ನ ಹೊರಪದರ ಜಾರುತ್ತದೆ, ಮೊದಲ ಕೆಲವು ನೂರು ಕಿ.ಮೀ. ರಸ್ತೆಯಲ್ಲಿ ಸಮಾಧಾನವಾಗಿ ಓಡಿಸಿ ಆಮೇಲೆ ಟ್ರ್ಯಾಕ್‌ಗೆ ಬನ್ನಿ. ಹೊರಟಾಗ ಟಾರ್ಕ್ ರೆಂಚ್ ಡಿಕ್ಕಿಯಲ್ಲೇ ಇರಲಿ; ಪ್ರತಿ ಸುತ್ತಿನ ಓಟ ಮುಗಿದು ಚಕ್ರ ತಣಿದ ಮೇಲೆ ನಟ್‌ಗಳನ್ನು ನೋಡುವುದು ಅಲ್ಲಿ ಎಲ್ಲರ ರೂಢಿ.